ಶಾಲೆ ಕಾಣದ ಅತ್ತೆಗೆ ಶಾಲೆಯ ಪರೀಕ್ಷೆ

ಪತ್ರ: ‘ನಮ್ಮ ಅತ್ತೆಗೆ ಓದು ಬರಹ ಬಾರದು. ಮರೆವು ಜಾಸ್ತಿಯಾಯಿತು ಅಂತ ಆಸ್ಪತ್ರೆಗೆ ತೋರಿಸಿದೆವು. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 17 ಬಂತು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರಬಹುದು ಅಂದರು. ಪೆನ್ನು ಕೊಟ್ಟಾಗ ಅತ್ತೆ ನಾಚಿಕೊಂಡು ಕೈ ಹಿಂದಕ್ಕೆ ಎಳೆದುಕೊಂಡರು. ಡೈರಿಗೆ ಹಾಕಿದ ಹಾಲಿನ ಲೆಕ್ಕ ಈಗಲೂ ಬಾಯಲ್ಲೇ ಹೇಳುತ್ತಾರೆ. ಈ ಅಂಕ ನಂಬಬೇಕಾ?’ – ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಅಂಕವೊಂದನ್ನೇ ನಂಬಬೇಡಿ. ಮರೆವನ್ನು ಮಾತ್ರ ಹಗುರವಾಗಿ ನೋಡಬೇಡಿ.

ನೀವು ಹೇಳಿದ್ದು ನೋಡಿದರೆ ಅದು ಎಂಎಂಎಸ್ಇ (ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್) ಅನ್ನುವ 30 ಅಂಕದ ಪರೀಕ್ಷೆ ಇರಬೇಕು. 1975ರಲ್ಲಿ ಅಮೆರಿಕದವರು ಮಾಡಿದ್ದು. 100ರಿಂದ ಏಳೇಳು ಕಳೆಯುವುದಕ್ಕೆ 5 ಅಂಕ. ಚೀಟಿ ಓದಿ ಅದರಂತೆ ಮಾಡುವುದು, ಒಂದು ವಾಕ್ಯ ಬರೆಯುವುದು, ಒಂದರ ಮೇಲೊಂದು ಹಾದಿರುವ, ಐದು ಮೂಲೆಯ ಎರಡು ಆಕೃತಿ ನೋಡಿ ಬರೆಯುವುದು, ಒಂದೊಂದಕ್ಕೆ 1. ಒಟ್ಟು 8 ಅಂಕ ಸ್ಲೇಟು ಹಿಡಿದವರಿಗೇ ಮೀಸಲು, ಅಲ್ವಾ? ತಾರೀಖು, ಇಸವಿಯ ಪ್ರಶ್ನೆ ಬೇರೆ. ಕ್ಯಾಲೆಂಡರ್ ಓದದವರು ಹುಣ್ಣಿಮೆ, ಅಮಾವಾಸ್ಯೆ ಲೆಕ್ಕದಲ್ಲಿ ದಿನ ಹಿಡಿಯುತ್ತಾರೆ. ಅದಕ್ಕೆ ಅಂಕ ಇಲ್ಲ!

ಇದು ವೈದ್ಯರಿಗೆ ಗೊತ್ತಿಲ್ಲದ್ದೇನಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ತಂಡವೊಂದು 1990ರ ದಶಕದಲ್ಲೇ ಇದೇ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ಕಟ್ಟಿತು. ಚೀಟಿ ಓದಿಸುವ ಬದಲು ‘ನಾನು ಮಾಡಿದ ಹಾಗೆ ಮಾಡಿ’ ಅಂತ ಕಣ್ಣು ಮುಚ್ಚಿ ತೋರಿಸುತ್ತಾರೆ. ವಾಕ್ಯ ಬರೆಸುವ ಬದಲು ಮನೆಯ ಬಗ್ಗೆ ಏನಾದರೂ ಹೇಳಿಸುತ್ತಾರೆ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಕನ್ನಡದಲ್ಲೂ ಇದೆ. ಓದು ಬಾರದವರಿಗೆ ಯಾವ ಪರೀಕ್ಷೆ ಮಾಡುತ್ತೀರಿ ಅಂತ ಧೈರ್ಯವಾಗಿ ಕೇಳಿ.

ಇನ್ನು ಆ ಕಡೆಯ ಅಪಾಯ. ‘ಪಾಪ, ಓದಿಲ್ಲ’ ಅಂತ 8 ಅಂಕ ಸೇರಿಸಿ 25 ಮಾಡಿಕೊಂಡು ಸುಮ್ಮನಾದರೆ ನಿಜವಾದ ಕಾಯಿಲೆ ಹಾಗೇ ಬೆಳೆಯುತ್ತದೆ. ಅನೇಕ ಮನೆಗಳಲ್ಲಿ ಆಗುವುದು ಇದೇ. ‘ವಯಸ್ಸಾಯ್ತು, ಅರಳುಮರಳು’ ಅಂದರೆ ಮಾತು ಮುಗಿಯಿತು.

ಅತ್ತೆಯನ್ನು ಓದಿದವರ ಜೊತೆ ಹೋಲಿಸಬೇಡಿ. ಎರಡು ವರ್ಷದ ಹಿಂದಿನ ಅತ್ತೆಯ ಜೊತೆಗೇ ಹೋಲಿಸಿ. ಹಾಲಿನ ಲೆಕ್ಕ ಹೇಳುತ್ತಾರೆ, ಸರಿ. ಡೈರಿ ಪುಸ್ತಕಕ್ಕೆ ಅದು ತಾಳೆಯಾಗುತ್ತದಾ? ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರಾ? ಗೊತ್ತಿರುವ ದಾರಿ ತಪ್ಪುತ್ತಾರಾ? ಇದನ್ನು ವೈದ್ಯರಿಗೆ ಹೇಳಬೇಕಾದವರು ನೀವೇ. ಮನೆಯವರನ್ನು ಕೇಳಿ ತುಂಬುವ ಪ್ರಶ್ನಾವಳಿಗಳೂ ಇವೆ, ಅವಕ್ಕೆ ಪೆನ್ನು ಹಿಡಿಯುವ ಕೈ ಬೇಡ.

ಮತ್ತೆ ಹೋಗುವ ಮೊದಲು ಕಿವಿ, ಕಣ್ಣು ತೋರಿಸಿ. ಪ್ರಶ್ನೆ ಸರಿಯಾಗಿ ಕೇಳಿಸದಿದ್ದರೂ ಅಂಕ ಕಡಿಮೆಯಾಗುತ್ತದೆ. ವಿಟಮಿನ್ ಬಿ12, ಥೈರಾಯ್ಡ್ ರಕ್ತ ಪರೀಕ್ಷೆ ಆಗಿದೆಯಾ ನೋಡಿ. ಮನಸ್ಸು ಕುಗ್ಗಿದ್ದರೂ ಮರೆವು ಬರುತ್ತದೆ, ಅದನ್ನೂ ವೈದ್ಯರಿಗೆ ತಿಳಿಸಿ.