ಒಂದೇ ಅಕ್ಷರದಿಂದ ಆರಂಭವಾಗುವ ಪದಗಳನ್ನು ಒಟ್ಟಿಗೆ ಕಲಿತರೆ ಇಂಗ್ಲಿಷ್ ಶಬ್ದಸಂಪತ್ತು ಬೆಳೆಯುತ್ತದೆಯೇ?

ಹೊಸ ಪದಗಳನ್ನು ಕಲಿಯಲು ಈ ಕ್ರಮ ಅಷ್ಟೇನೂ ಒಳ್ಳೆಯದಲ್ಲ. ಕಲಿತದ್ದನ್ನು ನೆನಪಿಗೆ ತಂದುಕೊಳ್ಳಲು ಮಾತ್ರ ಉಪಯುಕ್ತ. ರೂಪದಲ್ಲಿ ಹೋಲುವ ಎರಡು ಅಪರಿಚಿತ ಪದಗಳನ್ನು ಒಂದೇ ಸಲಕ್ಕೆ ಕಲಿತಾಗ ಒಂದರ ಅರ್ಥ ಇನ್ನೊಂದಕ್ಕೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಹೊಂದಿಕೊಳ್ಳುವುದು ಎಂಬರ್ಥದ ‘ಅಡ್ಯಾಪ್ಟ್’ ಮತ್ತು ದತ್ತು ತೆಗೆದುಕೊಳ್ಳುವುದು ಎಂಬರ್ಥದ ‘ಅಡಾಪ್ಟ್’ ಪದಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡು ಉರುಹೊಡೆದವರು ಪರೀಕ್ಷೆಯಲ್ಲಿ ಯಾವುದು ಯಾವುದೆಂದು ತಡವರಿಸುವುದು ಇದರಿಂದಲೇ. ಅದರ ಬದಲು ಪದಗಳನ್ನು ಧಾತುವಿನ ಪ್ರಕಾರ ಗುಂಪು ಮಾಡಿಕೊಳ್ಳಿ; ‘ಹೊರು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ಪೋರ್ಟಬಲ್ ಪದಗಳಲ್ಲಿ ಒಂದರ ಅರ್ಥ ತಿಳಿದರೆ ಉಳಿದವನ್ನು ಊಹಿಸಬಹುದು. ಮೊದಲಕ್ಷರವನ್ನು ಸ್ವಪರೀಕ್ಷೆಗೆ ಉಳಿಸಿಕೊಳ್ಳಿ: ಕನ್ನಡ ಅರ್ಥದ ಮುಂದೆ ಅದೊಂದನ್ನೇ ಬರೆದಿಟ್ಟು, ವಾರದ ಬಳಿಕ ಮಿಕ್ಕ ಅಕ್ಷರಗಳನ್ನು ತುಂಬಿ ನೋಡಿ.