ಹಲವು ಸೂಪರ್‌ಕಂಪ್ಯೂಟರ್ ಕೇಂದ್ರಗಳಿಗೆ ಒಂದೇ ಇಂಟರ್‌ಫೇಸ್ ಯಾಕೆ ಬೇಕು?

ಯಾಕೆಂದರೆ ಕೆಲಸ ಒಪ್ಪಿಸುವ ರೀತಿ ಒಂದೊಂದು ಕೇಂದ್ರದಲ್ಲಿ ಒಂದೊಂದು ಥರ. ಅಮೆರಿಕದ್ದೇ ನೋಡಿ. ಬರ್ಕ್ಲಿ ಲ್ಯಾಬ್‌ನ ಪರ್ಲ್‌ಮಟರ್ ಎಂಬ ಸೂಪರ್‌ಕಂಪ್ಯೂಟರ್‌ಗೆ ಸ್ಲರ್ಮ್ ಮೂಲಕ ಜಾಬ್ (ಅಂದರೆ ಮಾಡಬೇಕಾದ ಲೆಕ್ಕದ ಕೆಲಸ) ಕಳಿಸಬೇಕು, ಆರ್ಗಾನ್ ಲ್ಯಾಬ್‌ನ ಅರೋರಾಗೆ ಪಿಬಿಎಸ್ ಮೂಲಕ. ಸ್ಲರ್ಮ್, ಪಿಬಿಎಸ್ ಎರಡೂ ಜಾಬ್‌ಗಳನ್ನು ಸರದಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್‌ಗಳು. ಲಾಗಿನ್ ಬೇರೆ, ಫೈಲ್ ಇಡುವ ಜಾಗ ಬೇರೆ. ಒಂದು ಕಡೆಗೆ ಬರೆದ ಸ್ಕ್ರಿಪ್ಟ್ ಇನ್ನೊಂದು ಕಡೆ ಹಾಗೇ ಓಡುವುದಿಲ್ಲ.

ಪ್ರಯೋಗ ನಡೆಯುತ್ತಿರುವಾಗ ಇದರ ಬಿಸಿ ಜಾಸ್ತಿ ತಟ್ಟುತ್ತದೆ. ಬರ್ಕ್ಲಿಯ ಅಡ್ವಾನ್ಸ್ಡ್ ಲೈಟ್ ಸೋರ್ಸ್ ಎಂಬ ಪ್ರಯೋಗ ಕೇಂದ್ರದಲ್ಲಿ ಎಕ್ಸ್‌-ರೇ ಚಿತ್ರಗಳಿಂದ ವಸ್ತುವಿನ 3ಡಿ ರೂಪವನ್ನು ಸೂಪರ್‌ಕಂಪ್ಯೂಟರ್ ಬಳಸಿ ಕಟ್ಟುತ್ತಾರೆ. ವಿಜ್ಞಾನಿಗೆ ಅಲ್ಲಿ ಸಿಗುವ ಸಮಯವೇ ಕಡಿಮೆ. ಆಗಲೇ ಸೂಪರ್‌ಕಂಪ್ಯೂಟರ್ ರಿಪೇರಿಗೆಂದು ನಿಂತರೆ? ಕೆಲಸವನ್ನು ತಕ್ಷಣ ಇನ್ನೊಂದು ಕೇಂದ್ರಕ್ಕೆ ತಿರುಗಿಸಬೇಕು ಅಲ್ವಾ?

ಅದಕ್ಕೇ ಎಪಿಐ, ಅಂದರೆ ಒಂದು ಪ್ರೋಗ್ರಾಮ್ ಇನ್ನೊಂದರ ಜೊತೆ ಮಾತಾಡುವ ದಾರಿ. ಜಾಬ್ ಕಳಿಸುವುದು, ಅದು ಎಲ್ಲಿಗೆ ಬಂತೆಂದು ಕೇಳುವುದು, ಫೈಲ್ ಸಾಗಿಸುವುದು ಎಲ್ಲವನ್ನೂ ಪ್ರೋಗ್ರಾಮೇ ವೆಬ್ ಮೂಲಕ ಮಾಡುತ್ತದೆ. ಪರ್ಲ್‌ಮಟರ್ ಇರುವ ಕೇಂದ್ರದಲ್ಲಿ ಸೂಪರ್‌ಫೆಸಿಲಿಟಿ ಎಪಿಐ ಇದೆ. ಗ್ಲೋಬಸ್ ಕಂಪ್ಯೂಟ್ ಎಂಬ ಸೇವೆ ಒಂದೇ ಪೈಥಾನ್ ಫಂಕ್ಷನ್ನನ್ನು ಬೇರೆ ಬೇರೆ ಕೇಂದ್ರಗಳಲ್ಲಿ ಓಡಿಸಬಲ್ಲದು.

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಲಾಗಿನ್. ಮನುಷ್ಯರು ಒಟಿಪಿ ಹಾಕಬಹುದು, ಮಧ್ಯರಾತ್ರಿ ತಾನಾಗೇ ಓಡುವ ಪ್ರೋಗ್ರಾಮ್ ಹಾಕಲಾರದು. ಅದಕ್ಕೆ ಸ್ವಲ್ಪ ಕಾಲ ಮಾತ್ರ ನಡೆಯುವ ಟೋಕನ್ (ಒಂಥರಾ ಡಿಜಿಟಲ್ ಪಾಸ್) ಕೊಡಬೇಕು. ಒಂದು ಕೇಂದ್ರ ಕೊಟ್ಟ ಟೋಕನ್ನನ್ನು ಉಳಿದವೂ ನಂಬಬೇಕಾದರೆ ಅವುಗಳ ಭದ್ರತಾ ನಿಯಮಗಳು ಮೊದಲು ಒಂದಕ್ಕೊಂದು ಹೊಂದಬೇಕು.