ಕುದುರೆ ಮೂಗಿನ ಮೇಲೆ ಎರಡು ಬೆರಳು

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಲ: ಸ್ಪರ್ಧೆಗೆ ಇಳಿಯುವ ಕುದುರೆಗಳ ಆರೈಕೆ

ಪ್ರಶ್ನೆ: ಮಗಳು ಡ್ರೆಸಾಜ್ (ಸವಾರನ ಸೂಚನೆಯಂತೆ ಕುದುರೆ ಇಡುವ ನಡೆಗಳಿಗೆ ಅಂಕ ಕೊಡುವ ಸ್ಪರ್ಧೆ) ಕಲಿಯುತ್ತಿದ್ದಾಳೆ. ಸ್ಪರ್ಧೆಯ ದಿನ ಕುದುರೆಯ ಮೂಗುಪಟ್ಟಿಯನ್ನು ಇನ್ನೊಂದು ತೂತಿಗೆ ಎಳೆದು ಬಿಗಿಯುತ್ತಾರೆ. ಕೇಳಿದರೆ, ‘ಬಾಯಿ ತೆರೆದರೆ ಅಂಕ ಹೋಗುತ್ತೆ ಮೇಡಂ’ ಅನ್ನುತ್ತಾರೆ. ಇದು ಸರಿಯೇ?
— ತಾಯಿಯೊಬ್ಬರು, ಬೆಂಗಳೂರು

ಅಂಕ ಹೋಗುವುದು ನಿಜ. ಕುದುರೆ ಬಾಯಿ ಕಳೆಯಿತೆಂದರೆ ಕಡಿವಾಣವೋ ಸವಾರನ ಕೈಯೋ ಅದಕ್ಕೆ ಹಿತವಾಗಿಲ್ಲ ಎಂದು ತೀರ್ಪುಗಾರರು ಓದಿಕೊಳ್ಳುತ್ತಾರೆ. ಪಟ್ಟಿ ಬಿಗಿಯುವುದು ಅಂದರೆ ದೂರು ಕೊಡುವ ಬಾಯಿಯನ್ನೇ ಕಟ್ಟಿದ ಹಾಗೆ.

ಒಳಗೇನಾಗುತ್ತದೆ ನೋಡಿ. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಸವೆಯದೆ ಚೂಪಾಗಿಬಿಡುತ್ತದೆ. ಬಿಗಿದ ಪಟ್ಟಿ ಕೆನ್ನೆಯನ್ನು ಆ ಅಂಚಿಗೆ ಒತ್ತುತ್ತದೆ, ಅಲ್ಲಿ ಹುಣ್ಣಾಗುತ್ತದೆ. ನಾಲಿಗೆ ಆಡಿಸಲು, ಜೊಲ್ಲು ನುಂಗಲು ಜಾಗವೇ ಉಳಿಯುವುದಿಲ್ಲ. ಪಶುವೈದ್ಯರಿಂದ ವರ್ಷಕ್ಕೊಮ್ಮೆಯಾದರೂ, ಎಳೆಯ ಕುದುರೆಯಾದರೆ ಆರು ತಿಂಗಳಿಗೊಮ್ಮೆ, ಹಲ್ಲು ಅರ ಹಾಕಿಸಬೇಕೆನ್ನುವುದು ಇದಕ್ಕೇ.

ಅಳತೆ ಬಹಳ ಹಿಂದಿನಿಂದಲೂ ಎರಡು ಬೆರಳು. ಮೋಸ ಇರುವುದು ಬೆರಳು ಎಲ್ಲಿ ತೂರಿಸುತ್ತಾರೆ ಎಂಬುದರಲ್ಲಿ. ಕೆನ್ನೆಯ ಪಕ್ಕದಲ್ಲಿ ಮೆತ್ತನೆ ಮಾಂಸ, ಎಷ್ಟು ಬಿಗಿದಿದ್ದರೂ ಬೆರಳು ಹೋಗುತ್ತದೆ. ಗದ್ದದ ಅಡಿಯಲ್ಲಿ ಎರಡು ಎಲುಬುಗಳ ನಡುವೆ ಹಳ್ಳ, ಅಲ್ಲೂ ಹೋಗುತ್ತದೆ. ಅಳೆಯಬೇಕಾದದ್ದು ಎದುರಿಗೆ, ಮೂಗಿನ ಎಲುಬಿನ ನಟ್ಟನಡುವೆ. ದೊಡ್ಡವರ ಎರಡು ಬೆರಳು ಅಕ್ಕಪಕ್ಕ ಚಪ್ಪಟೆಯಾಗಿ, ಒತ್ತದೆ ಒಳಸರಿಯಬೇಕು. ಮಗಳ ಬೆರಳು ಸಣ್ಣದಿದ್ದರೆ ಅದು ಲೆಕ್ಕಕ್ಕಿಲ್ಲ, 1.5 ಸೆಂ.ಮೀ. ದಪ್ಪದ ಮರದ ತುಂಡಿನ ಅಂಚು ಉಜ್ಜಿ ನುಣುಪು ಮಾಡಿ ಜೇಬಿನಲ್ಲಿಡಿ. ಕುದುರೆ ಸವಾರಿಯ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐ ಕೂಡ 2025ರಿಂದ ಇದೇ 1.5 ಸೆಂ.ಮೀ. ಸಂದನ್ನು ಅಳೆಯುವ ಸಾಧನವನ್ನು ತನ್ನ ಸ್ಪರ್ಧೆಗಳಿಗೆ ತಂದಿದೆ. ಇನ್ನೊಂದು ಪರೀಕ್ಷೆ: ಪಟ್ಟಿ ಕಟ್ಟಿದ ಮೇಲೆ ಒಂದು ಚೂರು ಕ್ಯಾರೆಟ್ ಕೊಡಿ. ಅಗಿಯಲಾಗದಿದ್ದರೆ ಒಂದು ತೂತು ಸಡಿಲಿಸಿ.

ಪ್ರಶ್ನೆ: ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಸವಾರಳು ಅಳುತ್ತಾ ಕುದುರೆಗೆ ಹೊಡೆದ ದೃಶ್ಯ ಇನ್ನೂ ಕಣ್ಣ ಮುಂದಿದೆ. ಅಷ್ಟು ದೊಡ್ಡ ಕೂಟದಲ್ಲಿ ಹಾಗೇಕಾಯಿತು?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಅದು ಆಧುನಿಕ ಪೆಂಟಾಥ್ಲಾನ್, ಸವಾರಿಯೂ ಸೇರಿ ಐದು ಆಟಗಳನ್ನು ಒಬ್ಬರೇ ಆಡುತ್ತಿದ್ದ ಸ್ಪರ್ಧೆ. ಅಲ್ಲಿ ಕುದುರೆ ಸವಾರನದಲ್ಲ, ಚೀಟಿ ಎತ್ತಿ ಬಂದದ್ದು. ಪರಿಚಯಕ್ಕೆ 20 ನಿಮಿಷ, ಅಭ್ಯಾಸಕ್ಕೆ ಐದು ಜಿಗಿತ, ಅಷ್ಟೇ. ಅನಿಕಾ ಶ್ಲಾಯ್ ಪಾಲಿಗೆ ಬಂದ ‘ಸೇಂಟ್ ಬಾಯ್’ ಅದಕ್ಕೂ ಮುಂಚೆ ಇನ್ನೊಬ್ಬ ಸವಾರಳಿಗೂ ಜಿಗಿಯಲು ಒಲ್ಲೆ ಎಂದಿತ್ತು. ಗಾಬರಿಯಾದ ಕುದುರೆಯ ಮೇಲೆ ಗಾಬರಿಯಾದ ಅಪರಿಚಿತರು, ಮೇಲಿಂದ ಚಾಟಿ. ಕುದುರೆಯನ್ನು ಗುದ್ದಿದ ಅನಿಕಾರ ತರಬೇತುದಾರ್ತಿಯನ್ನು ಕೂಟದಿಂದ ಹೊರಹಾಕಿದರು. 2024ರ ಪ್ಯಾರಿಸ್ ಬಳಿಕ ಆ ಆಟದಿಂದ ಸವಾರಿಯನ್ನೇ ತೆಗೆದರು, ಅದರ ಜಾಗಕ್ಕೆ ಈಗ ಅಡೆತಡೆ ಓಟ ಬಂದಿದೆ. ನಮ್ಮ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಹಾಗಂತ ಸ್ವಂತ ಕುದುರೆ ಇದ್ದವರೆಲ್ಲ ಸಾಚಾ ಎಂದಲ್ಲ: ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಾಟಿ ಬೀಸಿದ ವಿಡಿಯೊ ಹೊರಬಿದ್ದು ಬ್ರಿಟನ್ನಿನ ಡ್ರೆಸಾಜ್ ಸವಾರಳು ಷಾರ್ಲೆಟ್ ದುಜಾರ್ಡಿನ್ ಪ್ಯಾರಿಸ್‌ನಿಂದ ಹಿಂದೆ ಸರಿದರು, ಆಮೇಲೆ ಒಂದು ವರ್ಷ ಅಮಾನತು.

ಪ್ರಶ್ನೆ: ಓಡಿ ಬಂದ ಕುದುರೆಗೆ ತಣ್ಣೀರು ಹಾಕಿದರೆ ಸ್ನಾಯು ಹಿಡಿಯುತ್ತದೆ ಅಂತ ನಮ್ಮ ಸೈಸ್ (ಕುದುರೆ ನೋಡಿಕೊಳ್ಳುವವನು) ಬಕೆಟ್ ಮುಟ್ಟಲೂ ಬಿಡುವುದಿಲ್ಲ.
— ಓದುಗರು, ಚೆನ್ನೈ

ಲಾಯದಿಂದ ಲಾಯಕ್ಕೆ ದಾಟಿ ಬಂದ ನಂಬಿಕೆ ಇದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಸೆಕೆಯಲ್ಲಿ ಓಡಿಸಿದ ಕುದುರೆಗಳಿಗೆ ತಣ್ಣೀರು ಸುರಿದು ನೋಡಿದ್ದರು. ಸ್ನಾಯು ಹಿಡಿಯಲಿಲ್ಲ, ಮೈ ಬೇಗ ತಣಿಯಿತು. ದುಡಿಯುವ ಸ್ನಾಯು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಬಿಡುತ್ತದೆ. ಚೆನ್ನೈನಂಥ ಊರಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ತೊಟ್ಟಿಕ್ಕುತ್ತದೆ. ಶಾಖ ಒಳಗೇ ಉಳಿಯುತ್ತದೆ.

ಜೀನು ಇಳಿಸಿ, ನೆರಳಲ್ಲಿ, ಗಾಳಿ ಆಡುವ ಕಡೆ ನಿಲ್ಲಿಸಿ. ಕುತ್ತಿಗೆ, ಭುಜ, ಬೆನ್ನು, ತೊಡೆಯ ಒಳಭಾಗ, ಎಲ್ಲ ಕಡೆ ಬಿಡದೆ ಸುರಿಯುತ್ತಲೇ ಇರಿ. ನಡುನಡುವೆ ನೀರು ಬಳಿದು ತೆಗೆಯಬೇಕಿಲ್ಲ. ಒದ್ದೆ ಟವೆಲ್ ಹೊದಿಸಿ ಬಿಡುವುದು ಮಾತ್ರ ಬೇಡ, ಅದು ಕ್ಷಣದಲ್ಲಿ ಬೆಚ್ಚಗಾಗಿ ಕಂಬಳಿಯಂತಾಗುತ್ತದೆ. ಕುಡಿಯಲೂ ನೀರು ಕೊಡಿ. ಥರ್ಮಾಮೀಟರಿಗೆ ದಾರ ಕಟ್ಟಿ, ದಾರವನ್ನು ಬಾಲಕ್ಕೆ ಕ್ಲಿಪ್ ಹಾಕಿ ಗುದದಲ್ಲಿ ಅಳೆಯಿರಿ. ವಿರಾಮದಲ್ಲಿ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಸಹಜ. 39ರ ಕೆಳಗೆ ಇಳಿಯುವವರೆಗೆ ಬಕೆಟ್ ಕೆಳಗಿಡಬೇಡಿ. 41 ಮುಟ್ಟಿದರೆ ಒಬ್ಬರು ವೈದ್ಯರಿಗೆ ಫೋನ್ ಮಾಡಲಿ, ಇನ್ನೊಬ್ಬರು ಸುರಿಯುತ್ತಿರಲಿ. ಬೆಂಗಳೂರಿನ ಸವಾರ ಫೌವಾದ್ ಮಿರ್ಜಾ ಸ್ಪರ್ಧಿಸಿದ ಟೋಕಿಯೊದಲ್ಲಿ ಸೆಕೆ ತಪ್ಪಿಸಲೆಂದೇ ಡ್ರೆಸಾಜ್, ಜಿಗಿತಗಳನ್ನು ಹೆಚ್ಚಾಗಿ ಸಂಜೆ ದೀಪದ ಬೆಳಕಲ್ಲಿ ನಡೆಸಿದ್ದರು.

ಪ್ರಶ್ನೆ: ನನ್ನ ತೂಕ 72 ಕೆ.ಜಿ., ಜೀನು 8 ಕೆ.ಜಿ. ನಮ್ಮ ಮಾರ್ವಾಡಿ ಕುದುರೆಗೆ ಭಾರವಾದೀತೇ?
— ಸವಾರರು, ಧಾರವಾಡ

ಕುದುರೆಯ ತೂಕ ತಿಳಿಯಲು ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 168, ಉದ್ದ 160 ಬಂದರೆ ಹೆಚ್ಚುಕಡಿಮೆ 380 ಕೆ.ಜಿ. ಸವಾರ, ಜೀನು ಎಲ್ಲ ಸೇರಿ ಶೇ. 20 ದಾಟಬಾರದು ಎಂಬುದು ರೂಢಿಯ ಲೆಕ್ಕ, ಅಂದರೆ 76. ನಿಮ್ಮದು 80. ನಿಮ್ಮ ಕುದುರೆಯ ಅಳತೆಯೂ ಇಷ್ಟೇ ಬಂದರೆ ಮೊದಲು ಹಗುರ ಜೀನು ನೋಡಿ. ಅಲ್ಲಿಯವರೆಗೆ ಜಿಗಿತ ಬೇಡ.